ಗುಳ್ಳೆಯ ಬದಿ ಒಳಗೆ

ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಪೊಟ್ಟಣದಕ್ಕ ನೆಲಮಾಳಿಗೆಯ ಸಣ್ಣ ಓವನ್ನಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸಿಲಿಕಾ ಹರಳು ಒಣಗಿಸುತ್ತಿದ್ದಳು. ಈ ಹರಳು ಗಾಳಿಯ ತೇವ ಕುಡಿದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಒಂದೆರಡು ಗಂಟೆ ಕಾಯಿಸಿದರೆ ಕುಡಿದದ್ದನ್ನೆಲ್ಲ ಕಕ್ಕಿ ಮತ್ತೆ ನೀಲಿಯಾಗುತ್ತದೆ. ಚಿತ್ರಗಳ ಪೆಟ್ಟಿಗೆಗೆ ಇದರ ಒಂದೊಂದು ಚೀಲ ಹಾಕುವುದು ಪದ್ಧತಿ. ಆದರೆ ಆ ದಿನ ಅದು ಆಗಲೇಬೇಕಾದ ಕೆಲಸವಾಗಿರಲಿಲ್ಲ. ಕಪಾಟಿನಲ್ಲಿ ಒಣಗಿದ ನೀಲಿ ಹರಳು ಬೇಕಾದಷ್ಟಿತ್ತು. ಕೈಗೆ ಏನಾದರೊಂದು ಬೇಕಿತ್ತು, ಅಷ್ಟೆ. ಹತ್ತು ಗಂಟೆಗೆ ಅವಳ ತಮ್ಮನ ಚಿತ್ರವನ್ನು ಬಿಚ್ಚುವುದಿತ್ತು.

ಚಿತ್ರಶಾಲೆ ಎಂದರೆ ಜನರ ಕಣ್ಣಿಗೆ ಬೀಳುವುದು ಮೇಲಿನ ಮೂರು ಅಂತಸ್ತು: ಬಿಳಿ ಗೋಡೆ, ಮೆತ್ತನೆಯ ಬೆಳಕು, ಪಿಸುಮಾತು. ಅವುಗಳ ಕೆಳಗೆ ನೆಲದೊಳಗೆ ಇನ್ನೆರಡು ಅಂತಸ್ತು ಇವೆ. ಸಂಸ್ಥೆಯ ಬಳಿ ಇರುವ ಚಿತ್ರಗಳಲ್ಲಿ ನೂರಕ್ಕೆ ನಾಲ್ಕು ಮೇಲೆ ಗೋಡೆಗೆ ಹೋಗುತ್ತವೆ. ಉಳಿದವು ಕೆಳಗೆ, ಕಬ್ಬಿಣದ ಚೌಕಟ್ಟುಗಳಲ್ಲಿ, ಅಡ್ಡ ಮಲಗದೆ ನೆಟ್ಟಗೆ, ಒಂದರ ಪಕ್ಕ ಒಂದು, ರೈಲಿಗೆ ಕಾಯುವ ಜನರಂತೆ ನಿಂತೇ ಇರುತ್ತವೆ. ಅವುಗಳಿಗೆ ಬಟ್ಟೆ ತೊಡಿಸುವವಳು ಪೊಟ್ಟಣದಕ್ಕ.

ಆ ಹೆಸರು ಬಡಗಿ ಇಟ್ಟದ್ದು. ಪೆಟ್ಟಿಗೆ ಮಾಡುವ ಬಡಗಿಗೂ ಅವಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ವರ್ಷ ಕೆಲಸಕ್ಕೆ ಸೇರಿದವರು. ಅದಕ್ಕೂ ಮೊದಲು ಅವಳು ಕಿರಾಣಿ ಅಂಗಡಿಯೊಂದರಲ್ಲಿ ಸಕ್ಕರೆ, ಬೇಳೆ ಪೊಟ್ಟಣ ಕಟ್ಟುತ್ತಿದ್ದಳು. ಮೊದಲ ದಿನ ಅವಳು ಒಂದು ಹಿತ್ತಾಳೆಯ ಕುದುರೆಯನ್ನು ಕಾಗದದಲ್ಲಿ ಸುತ್ತಿ, ತುದಿ ಮಡಚಿ, ಹಲ್ಲಲ್ಲಿ ದಾರ ಕಚ್ಚಿ ಹರಿದದ್ದನ್ನು ಕಂಡ ಬಡಗಿ, "ಅರ್ಧ ಕೆಜಿ ಕುದುರೆ ಕಟ್ಟಿದ್ಯಲ್ಲೇ ಪೊಟ್ಟಣದಕ್ಕ!" ಎಂದಿದ್ದ. ಹೆಸರು ಅಂಟಿಕೊಂಡಿತು. ಕೆಲಸವೂ ಅಂಟಿಕೊಂಡಿತು. ಕೈ ಹಾಕಿದರೆ ಸಾಕು, ವಸ್ತುವಿನ ತೂಕ ಎಲ್ಲಿ ಕುಳಿತಿದೆ, ಯಾವ ಮೂಲೆ ನಾಜೂಕು ಎಂಬುದು ಅವಳಿಗೆ ತಿಳಿಯುತ್ತಿತ್ತು.

ಅಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಕಟ್ಟಿದವರೇ ಬಿಚ್ಚಬೇಕು. ಯಾವ ಟೇಪಿನ ಕೆಳಗೆ ಏನಿದೆ, ಯಾವ ತುಂಡು ಮೊದಲು ಹೊರಬರಬೇಕು ಎಂಬುದು ಕಟ್ಟಿದ ಕೈಗೆ ಮಾತ್ರ ನೆನಪಿರುತ್ತದೆ ಎಂಬ ಲೆಕ್ಕ. ಕಟ್ಟಿದವರು ಕೆಲಸ ಬಿಟ್ಟು ಹೋಗಿದ್ದರೂ ಹೇಳಿ ಕಳಿಸಿ ಕರೆಸಿಕೊಳ್ಳುತ್ತಿದ್ದರು. ಹಾಗಾಗಿ ತಮ್ಮನ ಚಿತ್ರ ಎಂದಾದರೂ ಹೊರಬಂದರೆ ಅದು ತನ್ನ ಕೈಯಿಂದಲೇ ಎಂಬುದು ಅವಳಿಗೆ ಗೊತ್ತಿತ್ತು. ಮೊದಮೊದಲು ಅದೊಂದು ಸಂತೋಷವಾಗಿತ್ತು.

ಅಮ್ಮ ತೀರಿಕೊಂಡಾಗ ತಮ್ಮನಿಗೆ ಒಂಬತ್ತು ವರ್ಷ, ಅವಳಿಗೆ ಹದಿನಾರು. ಅವನನ್ನು ಸಾಕಿದವಳು ಅವಳೇ. ಬೆಳೆದು ದೊಡ್ಡವನಾಗಿ ಹಗಲು ಅಂಗಡಿಗಳ ಬೋರ್ಡು ಬರೆಯುತ್ತಿದ್ದ, ಸಂಜೆ ತನ್ನ ಚಿತ್ರ ಬಿಡಿಸುತ್ತಿದ್ದ. ಬೋರ್ಡಿನ ಕೆಲಸದಲ್ಲಿ ಕೈ ಪಳಗಿದ್ದರಿಂದ ಬಣ್ಣವನ್ನು ದೋಸೆಗೆ ಬೆಣ್ಣೆ ಬಳಿಯುವ ಹಾಗೆ ದಪ್ಪಗೆ ಬಳಿಯುತ್ತಿದ್ದ. ಮದುವೆಯಾದ ಮೂರನೆಯ ವರ್ಷ ಅವನು ತನ್ನ ಹೆಂಡತಿಯನ್ನು ಮನೆಯ ಮೆಟ್ಟಿಲ ಮೇಲೆ ಕೂರಿಸಿ, ಮಡಿಲಲ್ಲಿ ಬೆಳ್ಳುಳ್ಳಿ ಹಾಕಿ, ಬಿಡಿಸುತ್ತಾ ಇರು ಎಂದ. ಹನ್ನೊಂದು ಸಂಜೆ ಅವಳು ಬೆನ್ನು ನೋವೆಂದು ಗೊಣಗುತ್ತ ಕೂತಳು. ಆ ಹನ್ನೊಂದು ದಿನವೂ ಅಡುಗೆಗೆಲ್ಲ ಬೆಳ್ಳುಳ್ಳಿಯೇ ಬಿತ್ತು. ನೋಡುತ್ತೇನೆಂದರೆ ಅವನು ಚಿತ್ರವನ್ನು ಗೋಡೆಗೆ ತಿರುಗಿಸಿಬಿಡುತ್ತಿದ್ದ. ಮುಗಿದ ವಾರದಲ್ಲೇ ಚಿತ್ರಶಾಲೆಯ ಆಯ್ಕೆಯ ಕೊನೆಯ ದಿನ. ಅವಳು ಹೊಲಿಗೆ ಕೆಲಸಕ್ಕೆ ಹೋಗಿದ್ದಾಗ ತಮ್ಮ ಚಿತ್ರವನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋದ. ಸಂಜೆ ಬಂದು ಅವಳು ಜಗಳವಾಡಿದ್ದಕ್ಕೆ, "ಗೋಡೆ ಮೇಲೆ ನೋಡು, ರಾಣಿ ಥರ ಟಿಕೆಟ್ ತಗೊಂಡು ಹೋಗಿ," ಎಂದ.

ಚಿತ್ರ ಆಯ್ಕೆಯಾಯಿತು. ಅಲ್ಲಿಂದ ನೇರ ನೆಲಮಾಳಿಗೆಗೆ ಬಂತು. ಗೋಡೆಗೆ ಹೋಗಲಿಲ್ಲ. ಒಂಬತ್ತು ವರ್ಷಗಳ ನಂತರ ತಮ್ಮ ತೀರಿಕೊಂಡ. ಸುರುಳಿ ಸುತ್ತಿ ಮನೆಯ ಮಾಲೀಕರ ಶೆಡ್ಡಿನಲ್ಲಿ ಇಟ್ಟಿದ್ದ ಅವನ ಉಳಿದ ಚಿತ್ರಗಳನ್ನು ಗೆದ್ದಲು ತಿಂದು ಮುಗಿಸಿತು. ಬಿಡಿಸಿ ನೋಡಿದಾಗ ಉಳಿದದ್ದು ಮಣ್ಣಿನ ಕೊಳವೆಗಳು. ಹೀಗೆ ಅವನು ಬದುಕಿದ್ದ ಎಂಬುದಕ್ಕೆ ಈ ಲೋಕದಲ್ಲಿದ್ದದ್ದು ಒಂದೇ ಚಿತ್ರ. ಅದನ್ನು ಕಟ್ಟಿದವಳು ಅಕ್ಕ.

ಆ ಕಾಲದಲ್ಲಿ ಎಲ್ಲ ಚಿತ್ರಗಳಿಗೂ ಒಂದು ಸುತ್ತು ನುಣುಪು ಕಾಗದ, ಒಂದು ಸುತ್ತು ತೊಳೆದ ಹತ್ತಿ ಬಟ್ಟೆ. ಬಡವರ ವಿಧಾನ ಎಂದು ಅಲ್ಲಿನವರೇ ನಗುತ್ತಿದ್ದರು. ಗುಳ್ಳೆ ಪ್ಲಾಸ್ಟಿಕ್ ಆಗಷ್ಟೇ ಬಂದಿತ್ತು. ಹೊರಗಿನಿಂದ ಬಂದ ಶಿಲ್ಪಗಳ ಮೈಮೇಲೆ ಸುತ್ತಿಕೊಂಡು ಬರುತ್ತಿದ್ದ ಆ ಹಾಳೆಯನ್ನು ಎಲ್ಲರೂ ಮುಟ್ಟಿ ನೋಡುವವರೇ, ಒಂದೆರಡು ಗುಳ್ಳೆ ಪಟ್ಟೆನ್ನಿಸುವವರೇ. ಪೊಟ್ಟಣದಕ್ಕ ಒಂದನ್ನೂ ಒಡೆಯಲಿಲ್ಲ. ಎಸೆಯಲು ಇಟ್ಟಿದ್ದನ್ನು ಕೇಳಿ ಪಡೆದು, ಒರೆಸಿ, ಮನೆಗೆ ತಂದು ಮಂಚದ ಕೆಳಗೆ ಕೂಡಿಟ್ಟಳು. ರೇಡಿಯೋಕ್ಕೆ ಮುಚ್ಚಲು ಒಂದು ತುಂಡು ಕೊಡಿ ಅತ್ತಿಗೆ ಎಂದು ತಮ್ಮನ ಹೆಂಡತಿ ಕೇಳಿದ್ದಕ್ಕೆ ಖಡಾಖಂಡಿತವಾಗಿ ಇಲ್ಲ ಎಂದಳು. ಅದೇ ಕಾರಣಕ್ಕೆ ವಾರಗಟ್ಟಲೆ ಇಬ್ಬರಿಗೂ ಮಾತಿರಲಿಲ್ಲ.

ಆ ಗುಳ್ಳೆ ಹಾಳೆಯಲ್ಲಿ ಅವಳು ತಮ್ಮನ ಚಿತ್ರವನ್ನು ಸುತ್ತಿದಳು. ಗುಳ್ಳೆಯ ಬದಿಯನ್ನು ಒಳಗಿಟ್ಟು ಸುತ್ತಿದಳು. ಮೆತ್ತನೆಯ ಕಡೆ ಮೈಗೆ ತಾಗಬೇಕಲ್ಲವೇ? ಕೂಸಿಗೆ ದುಪಟಿ ಹೊದಿಸುವವರಾರೂ ಒರಟು ಬದಿಯನ್ನು ಒಳಗಿಡುವುದಿಲ್ಲ. ಆಮೇಲೆ ಒಂದು ಕೂದಲೂ ನುಸುಳದಂತೆ ಸುತ್ತಲೂ ಟೇಪು ಹಚ್ಚಿದಳು.

ನಾಲ್ಕೈದು ವರ್ಷ ಕಳೆದ ಮೇಲೆ, ಗುಳ್ಳೆ ಹಾಳೆಯಲ್ಲಿ ಪ್ರಯಾಣ ಮಾಡಿ ಬಂದ ಯಾರದೋ ಭಾವಚಿತ್ರದ ಕೆನ್ನೆಯ ಮೇಲೆ ಸಾಲು ಸಾಲು ಉಂಗುರದ ಗುರುತು ಮೂಡಿತ್ತು. ಚಿತ್ರಗಳನ್ನು ರಿಪೇರಿ ಮಾಡುವವರನ್ನು ಅಲ್ಲಿ ಬಣ್ಣದ ಡಾಕ್ಟರು ಎನ್ನುತ್ತಿದ್ದರು. ಆಗಿನ ಡಾಕ್ಟರು ಎಲ್ಲರನ್ನೂ ಸೇರಿಸಿ ವಿವರಿಸಿದರು. ಪ್ಲಾಸ್ಟಿಕ್ ಬಣ್ಣಕ್ಕೆ ತಾಗಲೇಬಾರದು. ಸುತ್ತುವುದೇ ಆದರೆ ಗುಳ್ಳೆ ಹೊರಗೆ. ಅದರಲ್ಲೂ ಆಕ್ರಿಲಿಕ್ ಬಣ್ಣ ಒಣಗಿದಂತೆ ಕಂಡರೂ ಎಣ್ಣೆಬಣ್ಣದ ಹಾಗೆ ಗಟ್ಟಿಯಾಗುವುದಿಲ್ಲ. ಅದೂ ಒಂದು ಬಗೆಯ ಪ್ಲಾಸ್ಟಿಕ್ಕೇ, ಸೆಕೆಗೆ ಮೆತ್ತಗಾಗುತ್ತದೆ. ಮೆತ್ತಗಾದದ್ದರ ಮೇಲೆ ಇನ್ನೊಂದು ಪ್ಲಾಸ್ಟಿಕ್ ಒತ್ತಿ ಕುಳಿತರೆ ಎರಡೂ ಒಂದಾಗಿಬಿಡುತ್ತವೆ.

ತಮ್ಮ ಬಳಿದಿದ್ದದ್ದು ಆಕ್ರಿಲಿಕ್ಕೇ. ಪೊಟ್ಟಣದಕ್ಕ ಆ ಸಂಜೆಯೇ ಉಗ್ರಾಣದ ಅಧಿಕಾರಿಯ ಬಳಿ ಹೋಗಿ, ಒಂದು ಚಿತ್ರ ಬಿಚ್ಚಿ ನೋಡಬೇಕಿತ್ತು ಎಂದಳು.

"ಯಾರಾದ್ರೂ ಕೇಳಿದಾರಾ ಅದನ್ನ?" ಎಂದರು ಅಧಿಕಾರಿ.

"ಇಲ್ಲ ಸಾರ್."

"ಕೇಳ್ದೇ ಇರೋದನ್ನ ಬಿಚ್ಚೋದು ಬೇಡಮ್ಮ. ಬಿಚ್ಚಿದಷ್ಟೂ ಪೆಟ್ಟು."

ಅದು ತಪ್ಪು ಮಾತೇನಲ್ಲ. ಅವಳು ಹಿಂದಿರುಗಿದಳು. ಆಮೇಲೂ ಎರಡು ಸಲ ಕೇಳಿದಳು, ಎರಡು ಸಲವೂ ಅದೇ ಉತ್ತರ. ನಾಲ್ಕನೆಯ ಸಲ ಕೇಳಲಿಲ್ಲ. ಬಿಚ್ಚದಿರುವವರೆಗೆ ಒಳಗೆ ಚೆನ್ನಾಗಿಯೇ ಇದೆ ಎಂದುಕೊಳ್ಳಬಹುದಿತ್ತು. ಬೇಸಿಗೆಯಲ್ಲಿ ನೆಲಮಾಳಿಗೆ ಕಾದಾಗ ಮಾತ್ರ ಅವಳು ಆ ಚೌಕಟ್ಟಿನ ಬಳಿ ಹೋಗಿ ಪೆಟ್ಟಿಗೆಯ ಹಲಗೆಗೆ ಅಂಗೈ ಒತ್ತಿ ನಿಲ್ಲುತ್ತಿದ್ದಳು, ಜ್ವರ ನೋಡುವ ಹಾಗೆ.

"ಏನೇ, ಟೆಂಪರೇಚರ್ ಎಷ್ಟಿದೆ?" ಎಂದು ಬಡಗಿ ಛೇಡಿಸುತ್ತಿದ್ದ.

"ನಿನ್ನ ತಲೆಗಿಂತ ಕಮ್ಮಿ."

ಹೀಗೆ ಇಪ್ಪತ್ತಾರು ವರ್ಷ ಕಳೆಯಿತು. ಹೋದ ತಿಂಗಳು ಪ್ರದರ್ಶನದ ಉಸ್ತುವಾರಿಯ ಹೊಸ ಮೇಡಂ ದಾಖಲೆ ಪುಸ್ತಕದಲ್ಲಿದ್ದ ಹೆಬ್ಬೆರಳಷ್ಟೇ ಗಾತ್ರದ ಕಪ್ಪುಬಿಳುಪು ಫೋಟೋ ಹಿಡಿದು ಕೆಳಗೆ ಇಳಿದು ಬಂದಳು. ಕೆಲಸ ಮಾಡುವ ಕೈಗಳ ಬಗ್ಗೆ ಒಂದು ಪ್ರದರ್ಶನವಂತೆ.

"ಅಕ್ಕಾ, ಮೆಟ್ಟಿಲ ಮೇಲೆ ಬೆಳ್ಳುಳ್ಳಿ ಬಿಡಿಸ್ತಿರೋ ಹೆಂಗಸು, ಇದು ಎಲ್ಲಿದೆ? ಈ ಕೈ ನೋಡಿ, ಎಂಥ ಕೈ! ಬಾಗಿಲಿಗೆ ಎದುರು ಗೋಡೆಗೇ ಹಾಕ್ತೀನಿ. ಇವರ ಬೇರೆ ಚಿತ್ರ ಏನಾದ್ರೂ ಇದ್ಯಾ?"

"ಇಲ್ಲ ಮೇಡಂ. ಇದೊಂದೇ."

"ನೋಡದೇನೇ ಹೇಳ್ತಿದೀರಲ್ಲ?"

"ನನ್ನ ತಮ್ಮಂದು."

ಮೇಡಂ ಫೋಟೋವನ್ನು ಮೇಜಿನ ಮೇಲಿಟ್ಟಳು. ಆಮೇಲೆ ಪೊಟ್ಟಣದಕ್ಕನ ಎರಡೂ ಕೈ ಹಿಡಿದುಕೊಂಡಳು. "ಬಿಚ್ಚೋವಾಗ ಬಣ್ಣದ ಡಾಕ್ಟರೂ ಇರ್ಲಿ ಮೇಡಂ," ಎಂದಷ್ಟೇ ಪೊಟ್ಟಣದಕ್ಕ ಹೇಳಿದಳು.

ತಮ್ಮನ ಹೆಂಡತಿಗೂ ಅವಳಿಗೂ ಈಗ ಒಂದೇ ಮನೆ: ಬೀಗ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಇಬ್ಬರಿಗೂ ಬೇರೆ ದಿಕ್ಕಿಲ್ಲ. ಸುದ್ದಿ ಕೇಳಿ ತಮ್ಮನ ಹೆಂಡತಿ ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಕೊಟ್ಟು ನಿಲ್ಲಿಸಿದಳು.

"ಅಂತೂ ಟಿಕೆಟ್ ತಗೊಳ್ಳೋ ಹಾಗಾಯ್ತು ಅನ್ನಿ. ಅತ್ತಿಗೆ, ನನ್ನ ಮೂಗು ಸರಿಯಾಗಿ ಬರ್ದಿದ್ರಾ?"

"ಥೇಟ್ ನಿನ್ನ ಮೂಗೇ."

"ಹಾಗಾದ್ರೆ ಗೋಡೆಗೆ ಹಾಕೋದೇ ಬೇಡ ಬಿಡಿ."

ನಕ್ಕಳು. ಮಾರನೆಯ ದಿನ ಪೇಟೆಗೆ ಹೋಗಿ ಕಂದು ಬಣ್ಣದ ಒಂದು ಜೊತೆ ಚಪ್ಪಲಿ ತಂದಳು. ಹಾಕಿಕೊಳ್ಳಲಿಲ್ಲ. ಪ್ರದರ್ಶನದ ದಿನಕ್ಕೆ ಎಂದು ಡಬ್ಬಿಯಲ್ಲೇ ಇಟ್ಟಳು. ಮನೆಯೊಳಗೆ ಆಗಾಗ ತೆಗೆದು ಎರಡು ಹೆಜ್ಜೆ ನಡೆದು ನೋಡುತ್ತಿದ್ದಳು. ಪೊಟ್ಟಣದಕ್ಕನಿಗೆ ಊಟ ಸೇರುತ್ತಿರಲಿಲ್ಲ. ಹೇಳಿಬಿಡಬೇಕು ಎಂದು ಬಾಯಿ ತೆರೆಯುವಳು, ಇನ್ನೊಂದು ತುತ್ತು ಹಾಕಿಕೊಂಡು ಮುಚ್ಚುವಳು.

ಹತ್ತು ಗಂಟೆಗೆ ಸರಿಯಾಗಿ ಮೇಡಂ ಬಂದಳು, ಬಣ್ಣದ ಡಾಕ್ಟರು ಬಂದರು. ಈಗಿನ ಡಾಕ್ಟರು ಮೃದು ಮಾತಿನ, ಸಣ್ಣ ಕೈಗಳ ಮನುಷ್ಯ. ಬಡಗಿ ಪೆಟ್ಟಿಗೆಯ ಸ್ಕ್ರೂ ಒಂದೊಂದಾಗಿ ಬಿಚ್ಚಿ ಜೇಬಿಗೆ ಹಾಕಿಕೊಂಡ. ಆ ದಿನ ಅವನೂ ತಮಾಷೆ ಮಾಡಲಿಲ್ಲ. ಚಿತ್ರವನ್ನು ಮೇಜಿನ ಮೇಲೆ ಮಲಗಿಸಿದರು. ಪೊಟ್ಟಣದಕ್ಕ ಮೊಂಡು ತುದಿಯ ಕತ್ತರಿ ತೆಗೆದುಕೊಂಡಳು.

ಟೇಪು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು, ತಾನಾಗಿಯೇ ಬಿಟ್ಟುಕೊಂಡಿತು. ಮೇಲಿನ ಹಾಳೆ ಬಂತು. ಅದರ ಕೆಳಗಿನದೂ ಬಂತು, ಗಾಜಿನಷ್ಟು ಸ್ವಚ್ಛ. ಮತ್ತೊಂದು, ಮತ್ತೊಂದು.

"ಇದೇನಕ್ಕ, ಈರುಳ್ಳಿ ಸುಲಿದ ಹಾಗಿದೆ," ಎಂದಳು ಮೇಡಂ, ಸಂಭ್ರಮ ತಡೆಯಲಾರದೆ. ಒಂದೊಂದು ಹಾಳೆ ಸರಿದಾಗಲೂ ಕೆಳಗಿನ ಬಣ್ಣ ಇಷ್ಟಿಷ್ಟೇ ಹತ್ತಿರ ಬರುತ್ತಿತ್ತು. ಇಟ್ಟಿಗೆ ಕೆಂಪು, ಹಸಿರು ಸೀರೆ, ಮಡಿಲಲ್ಲಿ ಬಿಳಿ ಗುಪ್ಪೆ. ಪೊಟ್ಟಣದಕ್ಕನಿಗೂ ಒಂದು ಗಳಿಗೆ ಆಸೆ ಹುಟ್ಟಿತು. ಬಣ್ಣ ಬಾಡಿರಲಿಲ್ಲ.

ಕೊನೆಯ ಹಾಳೆಗೆ ಬಂದಾಗ ಅವಳು ಕತ್ತರಿ ಕೆಳಗಿಟ್ಟಳು. "ಇನ್ನು ನೀವು ನೋಡಿ ಸಾರ್."

ಡಾಕ್ಟರು ತೆಳುವಾದ ಪಟ್ಟಿಯೊಂದನ್ನು ಕೆಳಗಿನ ಅಂಚಿನಿಂದ ತೂರಿಸಿದರು. ಅಲ್ಲಿ ಬಣ್ಣ ತೆಳುವಾಗಿತ್ತು, ಹಾಳೆ ಎದ್ದಿತು. ಒಂದು ಗೇಣು ಮೆಟ್ಟಿಲು ಬೆಳಕಿಗೆ ಬಂತು: ಇಟ್ಟಿಗೆಯ ಬಣ್ಣ, ಅಂಚಿನಲ್ಲಿ ಸವೆದ ಗುರುತು. ನಿನ್ನೆ ಬರೆದಂತೆ. ಮೇಡಂ ಉಸಿರೆಳೆದುಕೊಂಡಳು. ಪಟ್ಟಿ ಮೇಲಕ್ಕೆ ಸರಿಯಿತು, ಸೆರಗಿನ ಬಳಿ ನಿಂತಿತು. ಡಾಕ್ಟರು ಜಾಗ ಬದಲಿಸಿ ಎಡದಿಂದ ಪ್ರಯತ್ನಿಸಿದರು. ಗಾಯದ ಪಟ್ಟಿ ಕೀಳುವಂಥ ಸಣ್ಣ ಸದ್ದು ಬಂತು. ತಕ್ಷಣ ಕೈ ತೆಗೆದರು. ಎದ್ದ ಹಾಳೆಯ ಪ್ರತಿ ಗುಳ್ಳೆಯ ತುದಿಯಲ್ಲೂ ಕಾಸಿನಗಲದ ಹಸಿರು ಅಂಟಿಕೊಂಡಿತ್ತು. ಚಿತ್ರದಲ್ಲಿ ಅಷ್ಟೇ ಅಗಲದ ಬರಿ ಕ್ಯಾನ್ವಾಸಿನ ಚುಕ್ಕಿಗಳು ಸಾಲಾಗಿ ಕಾಣಿಸಿದವು.

ಬೆರಳುಗಳಿದ್ದ ಕಡೆ, ಮುಖವಿದ್ದ ಕಡೆ, ತಮ್ಮ ಬಣ್ಣವನ್ನು ಎಲ್ಲಕ್ಕಿಂತ ದಪ್ಪವಾಗಿ ಬಳಿದಿದ್ದ. ಅಲ್ಲಿ ಗುಳ್ಳೆಗಳು ಬಣ್ಣದೊಳಕ್ಕೆ ಇಳಿದು, ಬಣ್ಣ ಗುಳ್ಳೆಗಳ ನಡುವೆ ಏರಿ, ಎರಡೂ ಸೇರಿ ಒಂದೇ ಚರ್ಮವಾಗಿತ್ತು. ಮೇಲಿನಿಂದ ನೋಡಿದರೆ ಮುಖವೊಂದು ಇದೆ ಎನ್ನುವುದು ಗೊತ್ತಾಗುತ್ತಿತ್ತು. ಯಾರ ಮುಖ ಎಂಬುದು ಗೊತ್ತಾಗುತ್ತಿರಲಿಲ್ಲ.

ಡಾಕ್ಟರು ಬಲ್ಬು ತಿರುಗಿಸಿ, ಬಗ್ಗಿ, ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದರು.

"ಕೀಳೋಕಾಗಲ್ಲ. ಕಿತ್ತರೆ ಮುಖ, ಕೈ ಎರಡೂ ಹಾಳೆ ಜೊತೆ ಬರುತ್ತೆ. ತಣ್ಣಗೆ ಮಾಡಿ ಬಿಡಿಸೋ ಒಂದು ದಾರಿ ಇದೆ, ಆದ್ರೆ ತೀರಾ ತಣ್ಣಗಾದ್ರೆ ಈ ಬಣ್ಣ ಬಿರುಕು ಬಿಡುತ್ತೆ. ಇಷ್ಟು ಆಳಕ್ಕೆ ಇಳಿದಿರೋದಕ್ಕೆ ನಾನು ಕೈ ಹಾಕಲ್ಲ." ಪೊಟ್ಟಣದಕ್ಕನ ಕಡೆ ತಿರುಗಿ ದನಿ ತಗ್ಗಿಸಿದರು. "ನೀವು ಮನಸ್ಸಿಗೆ ಹಚ್ಕೋಬೇಡಿ. ಆಗ ಗೊತ್ತಿರ್ಲಿಲ್ಲ. ಎಲ್ಲಾದನ್ನೂ ಹೀಗೇ ಕಟ್ತಿದ್ರು."

"ಎಲ್ಲಾದನ್ನೂ ಅಲ್ಲ ಸಾರ್," ಎಂದಳು ಪೊಟ್ಟಣದಕ್ಕ. "ಇದೊಂದನ್ನೇ."

ಅದು ನಿಜ. ಇದನ್ನು ಕಟ್ಟಿದ ವಾರವೇ ಅವಳು ಕಾಗದ, ಬಟ್ಟೆಯಲ್ಲಿ ಕಟ್ಟಿದ್ದ ಇತರರ ಚಿತ್ರಗಳು ಪಕ್ಕದ ಸಾಲಿನಲ್ಲೇ ಇದ್ದವು. ಒಂದಕ್ಕೂ ಏನೂ ಆಗಿರಲಿಲ್ಲ. ಮೇಡಂ ಮಧ್ಯಾಹ್ನದ ಹೊತ್ತಿಗೆ ಅವುಗಳಲ್ಲಿ ಒಂದನ್ನು ಆರಿಸಿಕೊಂಡಳು, ಬಲೆ ಹೆಣೆಯುತ್ತಿರುವ ಮುದುಕನ ಚಿತ್ರ. ಅಗಲ ಸರಿಹೋಗುತ್ತಿತ್ತು. ಆರಿಸುವಾಗ ಅವಳ ಕಣ್ಣು ಕೆಂಪಾಗಿತ್ತು ಎನ್ನುವುದೂ ನಿಜ. ಅದನ್ನು ಕಟ್ಟಿದ್ದೂ ಪೊಟ್ಟಣದಕ್ಕನೇ. ಹಾಗಾಗಿ ಪದ್ಧತಿಯಂತೆ ಅವಳೇ ಬಿಚ್ಚಿಕೊಟ್ಟಳು. ಕಾಗದ ಸರಿದಾಗ ಮುದುಕನ ಗಡ್ಡದ ಒಂದೊಂದು ಕೂದಲೂ ಇದ್ದಲ್ಲೇ ಇತ್ತು.

ಸಂಜೆ ಮನೆಗೆ ಹೋದಾಗ ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

"ಏನಾಯ್ತು ಅತ್ತಿಗೆ? ನೋಡಿದ್ರಾ?"

"ಮೆಟ್ಟಿಲು ನೋಡ್ದೆ."

"ಮೆಟ್ಟಿಲು ಯಾರಿಗೆ ಬೇಕು? ನಾನು?"

ಪೊಟ್ಟಣದಕ್ಕ ಚೀಲ ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ಸೆಕೆ, ಬಣ್ಣ, ಗುಳ್ಳೆಯ ಬದಿ, ಹಿಂದೆ ತಿಳಿದದ್ದು, ಕೇಳಿ ಸುಮ್ಮನಾದದ್ದು. ಹೇಳುವಾಗ ನೆಲ ನೋಡುತ್ತಿದ್ದಳು. ತಮ್ಮನ ಹೆಂಡತಿ ಬಾಗಿಲಿಗೆ ಒರಗಿ ಕೇಳಿದಳು. ಬೈಯಬಹುದಿತ್ತು. ಬೈದಿದ್ದರೆ ಚೆನ್ನಾಗಿತ್ತು.

"ಮಂಚದ ಕೆಳಗೆ ಕೂಡಿಟ್ಟಿದ್ರಲ್ಲ, ಅದೇ ಹಾಳೇನಾ?" ಎಂದಳು ಕೊನೆಗೆ.

"ಅದೇ."

"ರೇಡಿಯೋಕ್ಕೆ ಕೊಟ್ಟಿದ್ರೆ ಸಾಕಿತ್ತು ನೀವು."

ಪೊಟ್ಟಣದಕ್ಕ, "ನಾಳೆ ಕರ್ಕೊಂಡು ಹೋಗ್ತೀನಿ. ಮೇಡಂ ಒಪ್ಪಿದಾರೆ. ಹಾಳೆ ಮೇಲಿಂದ್ಲೇ ನೋಡು," ಎಂದಳು.

"ಬೇಡ ಅತ್ತಿಗೆ. ಗೋಡೆ ಮೇಲಿದ್ರೆ ಬರ್ತಿದ್ದೆ. ಉಸಿರು ಕಟ್ಟಿ ಬಿದ್ದಿರೋಳನ್ನ ನೋಡೋಕೆ ನಾನ್ಯಾಕೆ ಬರ್ಲಿ?" ಅವಳು ಒಳಗೆ ಹೋಗಿ ಅನ್ನಕ್ಕಿಟ್ಟಳು. ಮರುದಿನ ಬೆಳಿಗ್ಗೆ ಹೊಸ ಚಪ್ಪಲಿ ಹಾಕಿಕೊಂಡು ನೀರು ತರಲು ಹೋದಳು. ವಾರದೊಳಗೆ ಅದು ದಿನಬಳಕೆಯ ಚಪ್ಪಲಿಯಾಯಿತು.

ಮೇಲಿನವರ ತೀರ್ಮಾನ ಬರಲು ಹೆಚ್ಚು ದಿನ ಹಿಡಿಯಲಿಲ್ಲ. ಚಿತ್ರವನ್ನು ಎಸೆಯುವುದಿಲ್ಲ. ಮುಂದೆ ಯಾವತ್ತಾದರೂ ಒಳ್ಳೆಯ ವಿಧಾನ ಬಂದರೆ ನೋಡೋಣ, ಅಲ್ಲಿಯವರೆಗೆ ಹಾಗೇ ಇರಲಿ. ಆ 'ಯಾವತ್ತಾದರೂ' ಎಂಬ ಮಾತಿನ ಉದ್ದ ಎಷ್ಟು ಎನ್ನುವುದು ನೆಲಮಾಳಿಗೆಯಲ್ಲಿ ಕೆಲಸ ಮಾಡುವವರಿಗೆ ಗೊತ್ತು. ಅವಳ ಕೆಲಸ ಆ ವರ್ಷದ ಕೊನೆಗೆ ಮುಗಿಯುವುದಿತ್ತು. ಬಣ್ಣದ ಡಾಕ್ಟರಿಗೆ ಬೇರೆ ಕಡೆ ಕರೆ ಬಂದಿತ್ತು.

ಚಿತ್ರವನ್ನು ಮತ್ತೆ ಕಟ್ಟಿದವಳೂ ಪೊಟ್ಟಣದಕ್ಕನೇ. ಅಂಟಿಕೊಂಡ ಹಾಳೆ ಅಂಟಿಕೊಂಡಂತೆಯೇ ಇತ್ತು. ಬಡಗಿ ಹೊಸ ಚೌಕಟ್ಟು ಮಾಡಿದ, ಯಾವುದೂ ಬಣ್ಣವನ್ನು ಒತ್ತದ ಹಾಗೆ ಮೇಲೆ ನಾಲ್ಕು ಬೆರಳು ಖಾಲಿ ಜಾಗ ಬಿಟ್ಟು. ಅವಳು ಅದರ ಮೇಲೆ ಕಾಗದ ಹಾಸಿದಳು, ಹತ್ತಿ ಬಟ್ಟೆ ಹೊದಿಸಿದಳು, ಅಂಚು ಮಡಚಿದಳು.

"ಸಾಕಾ?" ಎಂದ ಬಡಗಿ.

"ಸಾಕು."

ಅವನು ಸ್ಕ್ರೂ ತಿರುಗಿಸತೊಡಗಿದ. ಅವಳು ಹಲಗೆಯ ಅಂಚು ಹಿಡಿದುಕೊಂಡು ನಿಂತಳು. ಮೊದಲ ಸಲ ಕಟ್ಟಿದ ದಿನ ಬಡಗಿ ಈಗ ನಿಂತಿದ್ದ ಜಾಗದಲ್ಲಿ ತಮ್ಮ ನಿಂತಿದ್ದ. ಕೆಳಗೆ ಇಳಿಯಲು ಹೊರಗಿನವರಿಗೆ ಅಪ್ಪಣೆ ಇರಲಿಲ್ಲ, ಅವಳೇ ಗೋಗರೆದು ಕರೆತಂದಿದ್ದಳು. ಅವನ ಉಗುರುಗಳಲ್ಲಿ ಇನ್ನೂ ಹಸಿರು ಬಣ್ಣವಿತ್ತು. ಅಕ್ಕ ಮಂಚದ ಕೆಳಗಿನ ಗಂಟನ್ನು ಬಿಚ್ಚಿ ಮೇಜಿನ ಮೇಲೆ ಹರಡಿದಾಗ ಅವನು ಒಂದು ಗುಳ್ಳೆಯನ್ನು ಮುಟ್ಟಿ, ಒಡೆಯದೆ ಬಿಟ್ಟು, "ಎಷ್ಟು ಸುತ್ತು ಹಾಕ್ತೀಯೇ ಅಕ್ಕ?" ಎಂದು ಕೇಳಿದ್ದ.

ಅವಳು ತಲೆ ಎತ್ತದೆ, ಇಡೀ ನೆಲಮಾಳಿಗೆಗೆ ಕೇಳಿಸುವಷ್ಟು ಜಂಬದಿಂದ ಹೇಳಿದ್ದಳು:

"ಬೇರೆಯವ್ರಿಗೆ ಎರಡು. ನಿನಗೆ ಏಳು."